ಎಡಮಗ್ಗುಲಿನ ಪಟ್ಟಿ

ಟೇಪಮ್ಮನ ಕೊರಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದು ಹಳದಿ ಟೇಪು ನೇತಾಡುತ್ತಿತ್ತು. ಅವಳಿಗೆ ಆ ಹೆಸರು ಬಂದದ್ದು ಅದರಿಂದಲೇ. ನಿಜ ಹೇಳಬೇಕೆಂದರೆ ಆ ಟೇಪಿನಿಂದ ಅವಳು ಒಬ್ಬರನ್ನೂ ಅಳೆದವಳಲ್ಲ. ಇಪ್ಪತ್ತು ದಾಟಿದ ಅಂಕಿಗಳೆಲ್ಲ ಅವಳಿಗೆ ಒಂದೇ ತರಹ ಕಾಣುತ್ತಿದ್ದವು. ಟೇಪು ಇದ್ದದ್ದು ಗಿರಾಕಿಗಳ ಧೈರ್ಯಕ್ಕೆ.

ಅಳತೆಗೆ ಅವಳದೇ ಒಂದು ದಾರಿ. ಹಳೆಯ ಪತ್ರಿಕೆಗಳನ್ನು ಎರಡು ಬೆರಳಗಲ ಉದ್ದುದ್ದಕ್ಕೆ ಕತ್ತರಿಸಿ ಪಟ್ಟಿ ಮಾಡಿಟ್ಟುಕೊಳ್ಳುತ್ತಿದ್ದಳು. ಪಟ್ಟಿಯ ತುದಿಯನ್ನು ಗಿರಾಕಿಯ ಬೆನ್ನುಮೂಳೆಯ ಮೇಲೆ ಒತ್ತಿ ಹಿಡಿದು, ಎಡಗಡೆಯಿಂದ ಸುತ್ತಿ ಹೊಕ್ಕುಳವರೆಗೆ ತಂದು, ಪಟ್ಟಿಯ ಮೇಲಂಚಿಗೆ ಕತ್ತರಿಯಿಂದ ಸಣ್ಣದೊಂದು ಕಚ್ಚು ಹಾಕುವಳು. ಮತ್ತೆ ಅದೇ ತುದಿಯಿಂದ ಬಲಗಡೆ ಸುತ್ತಿ ತಂದು ಕೆಳಂಚಿಗೆ ಇನ್ನೊಂದು ಕಚ್ಚು. ಬಟ್ಟೆ ಹೊಲಿದು ಮುಗಿದ ಮೇಲೆ ಅದೇ ಬಟ್ಟೆಯ ಉಗುರಗಲದ ತುಂಡೊಂದನ್ನು ಪಟ್ಟಿಯ ತುದಿಗೆ ಗುಂಡುಸೂಜಿಯಿಂದ ಚುಚ್ಚಿ, ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕಿಬಿಡುವಳು. ಹೆಸರು ಬೇಡ, ತಾರೀಖು ಬೇಡ. ಬಟ್ಟೆಯ ತುಂಡು ನೋಡಿದರೆ ಸಾಕು, ಯಾರದು, ಯಾವಾಗಿನದು ಎಲ್ಲ ನೆನಪಿಗೆ ಬರುತ್ತಿತ್ತು.

"ಎಡ ಬಲ ಬೇರೆ ಬೇರೆ ಯಾಕಮ್ಮ ಅಳೀತೀರಿ?" ಎಂದು ಹೊಸಬರು ಕೇಳುವುದಿತ್ತು.

"ಎರಡೂ ಕಡೆ ಸಮ ಇರೋರು ಯಾರಿದ್ದಾರೆ? ನಾನಂತೂ ಇನ್ನೂ ನೋಡಿಲ್ಲ" ಎನ್ನುತ್ತಿದ್ದಳು.

ಆದರೆ ಯಾರ ಯಾವ ಕಡೆ ಎಷ್ಟು ಹೆಚ್ಚು, ಎಷ್ಟು ಕಮ್ಮಿ ಎಂದು ಅವಳು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಅಂಚೆಯವನಿಗೆ ಚೀಲ ಹೊತ್ತು ಹೊತ್ತು ಬಲಭುಜ ಕುಸಿದಿತ್ತು. ಅಂಗಿಯ ಒಳಗೆ ಅಲ್ಲಿಗೆ ಒಂದು ಪದರ ಹೆಚ್ಚು ಬಟ್ಟೆ ಕೂರಿಸುತ್ತಿದ್ದಳು. ಔಷಧಿ ಅಂಗಡಿಯವನ ಹೆಂಡತಿಗೆ ಒಂದು ಸೊಂಟ ಮೇಲೆ. ಲಂಗದ ಅಂಚನ್ನು ಅಷ್ಟೇ ಓರೆಯಾಗಿ ಕತ್ತರಿಸಿ ನೇರ ಕಾಣುವ ಹಾಗೆ ಮಾಡುತ್ತಿದ್ದಳು. "ಟೇಪಮ್ಮನ ಕೈಲಿ ಹೊಲಿಸ್ಕೊಂಡ್ರೆ ನಮ್ಮನೆ ಕನ್ನಡಿಗೂ ನನ್ನ ಗೂನು ಕಾಣಲ್ಲ" ಎಂದು ಅಂಚೆಯವನು ಬೀದಿ ತುಂಬ ಹೇಳಿಕೊಂಡು ತಿರುಗುತ್ತಿದ್ದ. ಮೂವತ್ತೆಂಟು ವರ್ಷ ಅವಳು ಅನ್ನ ಉಂಡದ್ದು ಈ ಮುಚ್ಚುವ ವಿದ್ಯೆಯಿಂದ. ಗಂಡ ಹೋದ ಮೇಲೆ ಮಗಳನ್ನು ಸಾಕಿದ್ದು, ಮದುವೆ ಮಾಡಿದ್ದು, ಎಲ್ಲ ಅದರಿಂದಲೇ.

ಮನೆಯಿದ್ದದ್ದು ಬಣ್ಣದ ಅಂಗಡಿಯ ಮೇಲೆ. ಎರಡು ಕೋಣೆ. ಬೀದಿಯ ಕಡೆಯದರಲ್ಲಿ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು. ಹಿಂದಿನದರಲ್ಲಿ ಅಡುಗೆ, ನಿದ್ದೆ, ಜಗಳ, ಸಂಸಾರ ಎಲ್ಲ. ಮಗಳು ಬ್ರೆಡ್ಡಿನ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವ ಸಾಲಿನಲ್ಲಿ ನಿಂತು ಕೆಲಸ ಮಾಡುತ್ತಿದ್ದಳು. ಬೆಳಕು ಹರಿಯುವ ಮೊದಲೇ ಹೊರಟರೆ ಬರುವುದು ಸಂಜೆ ಕಾರ್ಖಾನೆಯ ಮೂರನೇ ಗಂಟೆ ಹೊಡೆದ ಮೇಲೆ, ಬಂದವಳೇ ಕಾಲು ಚಾಚಿ ಮಲಗುವುದು. ಅಳಿಯ ಪೀಠೋಪಕರಣದ ಅಂಗಡಿಯ ವ್ಯಾನು ಓಡಿಸುತ್ತಿದ್ದ. ಹೋದ ದಿನಕ್ಕೆ ಸಂಬಳ, ಹೋಗದ ದಿನಕ್ಕೆ ಇಲ್ಲ. ಆದ್ದರಿಂದ ಮೊಮ್ಮಗಳನ್ನು ಎಬ್ಬಿಸುವುದು, ಸ್ನಾನ ಮಾಡಿಸುವುದು, ಶಾಲೆಗೆ ತಯಾರು ಮಾಡುವುದು ಎಲ್ಲ ಟೇಪಮ್ಮನ ಪಾಲಿಗೆ. ಮಗುವಿನ ಮೈಯನ್ನು ದಿನಾ ನೋಡುತ್ತಿದ್ದವಳು ಅವಳೊಬ್ಬಳೇ.

ಮಗುವಿನ ಹೆಸರು ಬೇರೆಯೇ ಇತ್ತು, ಕರೆಯುತ್ತಿದ್ದದ್ದು ಮಾತ್ರ ಗುಂಡಿ ಎಂದು. ಎರಡು ವರ್ಷವಿದ್ದಾಗ ಮೇಜಿನ ಕೆಳಗೆ ಕೂತು ಕೋಟಿನ ನಾಲ್ಕು ತೂತಿನ ಗುಂಡಿಯೊಂದನ್ನು ನುಂಗಿಬಿಟ್ಟಿತ್ತು. ಮೂರು ದಿನ ಟೇಪಮ್ಮ ಆ ಗುಂಡಿ ಆಚೆ ಬಂದೀತೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಬರಲಿಲ್ಲ. ಅಥವಾ ಬಂದದ್ದು ಕಾಣಲಿಲ್ಲ. "ಹೋಗಿರುತ್ತೆ ಬಿಡಿ" ಎಂದ ಬೀದಿಯ ಡಾಕ್ಟರು. ಅಂದಿನಿಂದ ಮನೆಯಲ್ಲಿ ಅದೊಂದು ತಮಾಷೆ. "ನಿನ್ನ ಹೊಟ್ಟೇಲಿ ಆ ಗುಂಡಿ ಬೇರು ಬಿಟ್ಟಿದೆ ಕಣೇ. ಇನ್ನೇನು ಮರ ಆಗುತ್ತೆ. ನನಗೆ ಅಂಗಡಿಯಿಂದ ಗುಂಡಿ ತರೋ ಖರ್ಚೇ ಇಲ್ಲ" ಎಂದು ಅಜ್ಜಿ ರೇಗಿಸುವಳು. ಮಗು ಹೊಟ್ಟೆ ಒತ್ತಿಕೊಂಡು, "ಇವತ್ತು ಎಷ್ಟು ಬೆಳೆದಿದೆ ಅಜ್ಜಿ?" ಎನ್ನುವುದು.

ಗುಂಡಿಗೆ ಏಳು ತುಂಬಿದ ವರ್ಷ ಬೇಸಗೆಯಲ್ಲಿ ಟೇಪಮ್ಮನ ಕೈಯಿಂದ ಒಂದು ಎಡವಟ್ಟಾಯಿತು. ಬ್ಯಾಂಕಿನವನ ಪ್ಯಾಂಟಿಗೆ ಎರಡೂ ಜೇಬನ್ನು ಒಂದೇ ಪಕ್ಕಕ್ಕೆ ಹೊಲಿದಿಟ್ಟಿದ್ದಳು. ಅವನು ಮೆಟ್ಟಿಲ ಮೇಲೆ ನಿಂತು ಕೂಗಾಡಿ ಬೀದಿಯನ್ನೇ ಸೇರಿಸಿದ. ಸಂಜೆ ಅಳಿಯ ಊಟಕ್ಕೆ ಕೂತಾಗ ನಗು ತಡೆಯಲಾರದೆ ಹೋದ.

"ಅತ್ತೆ, ಪಾಪ, ಆ ಮನುಷ್ಯ ಇನ್ಮೇಲೆ ಎಡಗೈ ಸುಮ್ನೆ ಬೀಸಿಕೊಂಡು ನಡೀಬೇಕು."

ಎಲ್ಲರೂ ನಕ್ಕರು. ಟೇಪಮ್ಮನೂ ನಕ್ಕಳು. ಆಮೇಲೆ ಅವನು ಮೆತ್ತಗೆ, "ಒಂದ್ಸಲ ಕಣ್ಣು ತೋರಿಸ್ಕೊಂಡು ಬಿಡೋಣ ಅತ್ತೆ. ವಯಸ್ಸಾಯ್ತಲ್ಲ" ಎಂದ. ಆ ಮಾತು ಅವಳ ಎದೆಯಲ್ಲಿ ಸೂಜಿಯ ಹಾಗೆ ಮುರಿದು ಉಳಿಯಿತು. ಮುಂದಿನ ಕೋಣೆಯ ಬಾಡಿಗೆ ಹುಟ್ಟುತ್ತಿದ್ದದ್ದು ಅವಳ ಹೊಲಿಗೆಯಿಂದ. ಕಣ್ಣು ಹೋಯಿತೆಂದರೆ ಯಂತ್ರ ನಿಲ್ಲುತ್ತದೆ. ಯಂತ್ರ ನಿಂತರೆ ತಾನು ಈ ಮನೆಯಲ್ಲಿ ತಿನ್ನುವ ಬಾಯಿ ಮಾತ್ರ. ಅಳಿಯ ಅಂಥ ಮಾತು ಆಡುವವನಲ್ಲ. ಆದರೂ ಅವಳು ಹಾಗೆಯೇ ಯೋಚಿಸಿದಳು.

ಶಾಲೆ ಶುರುವಾಗುವ ಮುಂಚೆ ಗುಂಡಿಗೆ ಸಮವಸ್ತ್ರದ ನೀಲಿ ಫ್ರಾಕು ಹೊಲಿದಳು. ಪಟ್ಟಿಯ ಎರಡು ಕಚ್ಚುಗಳು ಒಂದರ ಕೆಳಗೊಂದು ನೆಟ್ಟಗೆ ಕೂತಿದ್ದವು. ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಫ್ರಾಕು ತೊಡಿಸುವಾಗ ನೋಡುತ್ತಾಳೆ, ನಡುವಿನ ಹೊಲಿಗೆ ಎಡಕ್ಕೆ ಎಳೆದುಕೊಂಡಿದೆ. ಎಡಗಡೆಯ ಅಂಚು ಮೊಣಕಾಲಿನಿಂದ ಒಂದು ಬೆರಳು ಮೇಲೆ ಹೋಗಿದೆ. ಅವಳಿಗೆ ಹೆದರಿಕೆಯಾಯಿತು. ಮಗುವಿಗಾಗಿ ಅಲ್ಲ, ತನ್ನ ಕೈಗಾಗಿ. 'ಕತ್ತರಿಸೋವಾಗಲೇ ಓರೆ ಹೋಗಿದೆ. ಕಣ್ಣು ಹೋಯ್ತು, ನಿಜವಾಗಲೂ ಹೋಯ್ತು' ಎಂದುಕೊಂಡಳು.

ಮಗುವನ್ನು ಶಾಲೆಗೆ ಕಳಿಸಿ ಬಂದು ಬಾಗಿಲು ಹಾಕಿಕೊಂಡಳು. ಸಂಜೆ ಮಗು ಬಂದ ಮೇಲೆ ಮತ್ತೆ ಪಟ್ಟಿ ಹಿಡಿದು ಅಳೆದಳು. ಮೇಲಿನ ಕಚ್ಚು ಕೆಳಗಿನದಕ್ಕಿಂತ ಅರ್ಧ ಬೆರಳು ಮುಂದಿತ್ತು. ಹಳೆಯ ಪಟ್ಟಿಯನ್ನು ಪಕ್ಕಕ್ಕಿಟ್ಟು ನೋಡಿದಳು. ಅದರಲ್ಲಿ ಸಮ. ಎರಡರಲ್ಲಿ ಒಂದು ತಪ್ಪು ಎಂದರೆ ಹಳೆಯದೇ ತಪ್ಪಿರಬೇಕು, ಆಗಲೇ ಕಣ್ಣು ಕೈಕೊಟ್ಟಿರಬೇಕು ಎಂದು ತೀರ್ಮಾನ ಮಾಡಿದಳು. ಮಗುವಿನ ಮೈ ಬದಲಾಗಿರಬಹುದು ಎಂಬುದು ತಲೆಗೆ ಹೊಳೆಯಲೇ ಇಲ್ಲ. ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಎಡಗಡೆ ಸ್ವಲ್ಪ ಸಡಿಲಿಸಿ ಹೊಲಿದಳು. ಫ್ರಾಕು ನೆಟ್ಟಗೆ ಕೂತಿತು. ಹೊಸ ಪಟ್ಟಿಗೆ ನೀಲಿ ತುಂಡು ಚುಚ್ಚಿ ಡಬ್ಬಿಗೆ ಹಾಕಿದಳು. ಯಾರಿಗೂ ಹೇಳಲಿಲ್ಲ.

ಒಂದೂವರೆ ತಿಂಗಳಿಗೆ ಮತ್ತೆ ಎಳೆಯಿತು. ಮತ್ತೆ ಅಳೆದು ಸಡಿಲಿಸಿದಳು. ಈ ಸಲ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಮಗುವಿನ ಮುಂದೆ ಮಂಡಿಯೂರಿ ಕೂತಿದ್ದಾಗ ಅದು ಹೇಳಿತು:

"ಅಜ್ಜಿ, ಗುಂಡಿ ದೊಡ್ಡದಾಗಿದೆ. ಇಲ್ಲಿ ಮುಟ್ಟಿ ನೋಡು, ಗಟ್ಟಿಗಿದೆ."

ಬಾಯಲ್ಲಿ ಸೂಜಿ. "ಹ್ಞೂಂ" ಎಂದಳು ಅಷ್ಟೇ. ಮುಟ್ಟಲಿಲ್ಲ. ಮೂಗಿನಲ್ಲೇ ನಕ್ಕು, ಮಗುವಿನ ಕುಂಡೆಗೆ ಮೆಲ್ಲಗೆ ಒಂದೇಟು ಕೊಟ್ಟು ಆ ಕಡೆ ತಿರುಗಿಸಿದಳು. ಈ 'ಹ್ಞೂಂ' ಅವಳಿಗೆ ಆಮೇಲೆ ಎಷ್ಟೋ ಸಲ ಕೇಳಿಸಿತು. ಪಾತ್ರೆ ತೊಳೆಯುವಾಗ ಕೇಳಿಸಿತು, ಬಸ್ಸಿನಲ್ಲಿ ಕೂತಾಗ ಕೇಳಿಸಿತು.

ಮೂರನೇ ಸಲ ಅಳೆದಾಗ ಒಳಗೆ ಬಿಟ್ಟ ಬಟ್ಟೆ ಮುಗಿದುಹೋಗಿತ್ತು. ಅದೇ ನೀಲಿಯ ಇನ್ನೊಂದು ತುಂಡಿನಿಂದ ಹೆಬ್ಬೆರಳಗಲದ ಪಟ್ಟಿ ಕತ್ತರಿಸಿ ಎಡಮಗ್ಗುಲಿಗೆ ಸೇರಿಸಿದಳು. ಸೇರಿಸಿದ್ದು ದೇವರಿಗೂ ಕಾಣದ ಹಾಗೆ. ಮಗು ಸಪೂರವಾಗುತ್ತಿತ್ತು, ಅನ್ನ ಅರ್ಧಕ್ಕೇ ಬಿಡುತ್ತಿತ್ತು. "ಬೆಳೆಯೋ ಮಕ್ಕಳು ಹಾಗೇ" ಎಂದಿದ್ದಳು ಮಗಳು, ಕಾಲಿಗೆ ಬಿಸಿನೀರಿನ ಬಟ್ಟೆ ಒತ್ತಿಕೊಳ್ಳುತ್ತ.

ಎಲ್ಲ ಬಯಲಾದದ್ದು ಕೊಂಡು ತಂದ ಒಂದು ಫ್ರಾಕಿನಿಂದ. ಕಾರ್ಖಾನೆಯಲ್ಲಿ ಹೆಚ್ಚು ಹೊತ್ತಿನ ಕೆಲಸಕ್ಕೆ ಒಂದಿಷ್ಟು ಕೈಗೆ ಬಂದಿತ್ತೆಂದು ಮಗಳು ಅಂಗಡಿಯಿಂದ ಹಳದಿಯ ರೆಡಿಮೇಡ್ ಫ್ರಾಕು ತಂದಳು. ಹೊಲಿಯುವವರ ಮನೆಗೆ ರೆಡಿಮೇಡ್ ಬಟ್ಟೆ ಕಾಲಿಟ್ಟದ್ದು ಅದೇ ಮೊದಲು. ಟೇಪಮ್ಮ ಮೂಗು ಮುರಿದಳು.

"ಹೊಲಿಗೆ ನೋಡು, ಕಾಗೆ ಕಾಲಿನ ಹಾಗಿದೆ. ಒಂದು ಒಗೆತಕ್ಕೆ ಬಾಯಿ ಬಿಡುತ್ತೆ."

"ಒಂದ್ಸಲ ಹಾಕ್ಕೊಳ್ಳಲಿ ಬಿಡಮ್ಮ. ಆಸೆಪಟ್ಟಿದ್ದಾಳೆ."

ರಜೆಯ ದಿನ, ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಗುಂಡಿ ಹಳದಿ ಫ್ರಾಕು ತೊಟ್ಟು ಎರಡು ಸುತ್ತು ತಿರುಗಿ ನಿಂತಿತು. ಎರಡೂ ಕಡೆ ಸಮ ಕತ್ತರಿಸಿದ ಬಟ್ಟೆ. ಎಡಗಡೆ ಬಿಗಿದು ಹಿಡಿದಿತ್ತು, ಬಲಗಡೆ ಜೋಲುತ್ತಿತ್ತು. ಪಕ್ಕೆಲುಬಿನ ಕೆಳಗೆ ಒಂದು ಉಬ್ಬು, ಒಳಗೆ ಯಾರೋ ಮುಷ್ಟಿ ಇಟ್ಟ ಹಾಗೆ.

"ಇದೇನೇ ಗುಂಡಿ, ಹೊಟ್ಟೆ ಒಂದೇ ಕಡೆ?" ಎಂದಳು ಮಗಳು. ನಗುತ್ತಲೇ ಅಂದವಳು ಕೈಯಿಟ್ಟು ಮುಟ್ಟಿ ನೋಡಿದಳು. ಆಮೇಲೆ ನಗಲಿಲ್ಲ.

ದೊಡ್ಡ ಆಸ್ಪತ್ರೆಗೆ ಎರಡು ಬಸ್ಸು ಬದಲಾಯಿಸಿ ಹೋಗಬೇಕಿತ್ತು. ರಕ್ತ ಪರೀಕ್ಷೆ, ಸ್ಕ್ಯಾನಿನ ಚಿತ್ರ, ಮತ್ತೆ ರಕ್ತ. ನಾಲ್ಕನೇ ದಿನ ಡಾಕ್ಟರಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದರು.

"ಎಡಗಡೆಯ ಮೂತ್ರಪಿಂಡದಲ್ಲಿ ಗಡ್ಡೆ ಇದೆ. ಮಕ್ಕಳಿಗೆ ಬರೋ ಒಂದು ಜಾತಿಯ ಕ್ಯಾನ್ಸರ್. ಔಷಧಿಗೆ ಬಗ್ಗುತ್ತೆ, ಭಯಪಡಬೇಡಿ. ಆದರೆ ಶ್ವಾಸಕೋಶದಲ್ಲೂ ಎರಡು ಚುಕ್ಕೆ ಕಾಣ್ತಿದೆ. ಮೊದಲು ಔಷಧಿ, ಆಮೇಲೆ ಆಪರೇಷನ್, ಮತ್ತೆ ಔಷಧಿ. ಸುಮಾರು ಆರೇಳು ತಿಂಗಳು ಹಿಡಿಯುತ್ತೆ. ಈ ಊತ ಯಾವಾಗ ಶುರುವಾಯ್ತು?"

"ಹೋದ ವಾರ ಡಾಕ್ಟ್ರೇ" ಎಂದಳು ಮಗಳು. "ಅದಕ್ಕೂ ಮುಂಚೆ ಏನೂ ಇರಲಿಲ್ಲ. ದಿನಾ ಅದೇ ಫ್ರಾಕಲ್ಲಿ ನೋಡ್ತಿದ್ದೆ, ನೆಟ್ಟಗಿದ್ಲು."

"ಮನೇಲಿ ಬೇರೆ ಯಾರಾದ್ರೂ ಗಮನಿಸಿದ್ರಾ? ಎಷ್ಟು ಬೇಗ ಬೆಳೀತು ಅಂತ ಗೊತ್ತಾದ್ರೆ ಒಳ್ಳೇದು."

ಅಳಿಯ ತಲೆ ಆಡಿಸಿದ. ಟೇಪಮ್ಮ ಕೊರಳ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಡಬ್ಬಿಯೊಳಗಿನ, ಗುಂಡಿಯ ನೀಲಿ ಫ್ರಾಕಿನ ನಾಲ್ಕು ಪಟ್ಟಿಗಳು ಕಣ್ಣೆದುರಿಗೆ ಬಂದು ನಿಂತವು. ಈಗ ಹೇಳಬೇಕು ಎಂದುಕೊಂಡಳು. ಮಗಳ ಮುಖ ನೋಡಿದಳು. ಟೇಪನ್ನು ಮತ್ತೆ ಬೆರಳಿಗೆ ಸುತ್ತಿದಳು.

ಮಂಚದ ಮೇಲೆ ಕೂತಿದ್ದ ಗುಂಡಿ ಡಾಕ್ಟರಮ್ಮನನ್ನೇ ಕೇಳಿತು: "ಅದು ಗುಂಡಿನಾ? ನಾನು ನುಂಗಿದ್ದು?"

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. "ಅಲ್ಲ ಪುಟ್ಟಿ" ಎಂದರು.

"ಅಜ್ಜಿ ಹೇಳ್ತಾರೆ ಅದು ಬೇರು ಬಿಟ್ಟಿದೆ ಅಂತ."

ಟೇಪಮ್ಮ ಎದ್ದು ಹೊರಗೆ ಹೋಗಿ ನೀರಿನ ನಲ್ಲಿಯ ಹತ್ತಿರ ನಿಂತಳು.

ಆಸ್ಪತ್ರೆಯಲ್ಲಿ ಔಷಧಿಗೆ ದುಡ್ಡು ಕೇಳಲಿಲ್ಲ. ಸಂಸಾರ ಕುಸಿದದ್ದು ಬೇರೆ ಕಡೆಯಿಂದ. ಮಗಳು ರಜೆ ಬರೆದುಕೊಟ್ಟಳು, ರಜೆ ಮುಗಿಯಿತು, ಸಾಲಿನಲ್ಲಿ ಅವಳ ಜಾಗಕ್ಕೆ ಇನ್ನೊಬ್ಬಳು ನಿಂತಳು. ಅಳಿಯ ವಾರಕ್ಕೆ ಎರಡು ದಿನ ಮಗುವನ್ನು ಎತ್ತಿಕೊಂಡು ಓಡಾಡಬೇಕಿತ್ತು. ಅಂಗಡಿಯ ಯಜಮಾನ ಮೂರು ವಾರ ನೋಡಿ ವ್ಯಾನಿನ ಕೀಲಿಯನ್ನು ಬೇರೆಯವನಿಗೆ ಕೊಟ್ಟ. ಅವನು ಆಮೇಲೆ ಅದೇ ಅಂಗಡಿಯಲ್ಲಿ ಸೋಫಾ ಹೊರುವ ಕೆಲಸಕ್ಕೆ ನಿಂತ. ತಾನು ಓಡಿಸುತ್ತಿದ್ದ ವ್ಯಾನಿನ ಹಿಂದುಗಡೆ ಕೂತು ಹೋಗುವಾಗ, "ಈಗ ನಾನು ಯಜಮಾನನ ಹಾಗೆ, ಇನ್ನೊಬ್ಬ ಓಡಿಸ್ತಾನೆ, ನಾನು ಸೋಫಾ ಮೇಲೆ ಕೂತ್ಕೊಂಡು ಹೋಗ್ತೀನಿ" ಎಂದು ಗುಂಡಿಯನ್ನು ನಗಿಸುತ್ತಿದ್ದ. ಮುಂದಿನ ಕೋಣೆಯನ್ನು ಬಿಟ್ಟುಕೊಟ್ಟರು. ಯಂತ್ರ ಹಿಂದಿನ ಕೋಣೆಗೆ ಬಂದು ಒಲೆಗೂ ಮಂಚಕ್ಕೂ ನಡುವೆ ಸಿಕ್ಕಿಕೊಂಡಿತು. ಬಟ್ಟೆಗಳಿಗೆಲ್ಲ ಒಗ್ಗರಣೆಯ ವಾಸನೆ ಹತ್ತುತ್ತದೆಂದು ಗಿರಾಕಿಗಳು ಒಬ್ಬೊಬ್ಬರಾಗಿ ಕಮ್ಮಿಯಾದರು. ಅಂಚೆಯವನೊಬ್ಬ ಬಿಡಲಿಲ್ಲ.

ಔಷಧಿ ಏರಿಸಲು ಎದೆಯ ಹತ್ತಿರ ನಳಿಗೆ ಹಾಕಿದ್ದರು. ಮುಂದುಗಡೆ ತೆರೆಯುವಂಥ ಸಡಿಲ ಬಟ್ಟೆ ತನ್ನಿ ಎಂದು ನರ್ಸು ಹೇಳಿ ಕಳಿಸಿದಳು. ಆ ಮಧ್ಯಾಹ್ನ ಅಳಿಯ ಮಗುವಿನ ಹತ್ತಿರವಿದ್ದ. ಟೇಪಮ್ಮ ಅಕ್ಕಿ ಆರಿಸುತ್ತಿದ್ದಳು. ಮಗಳು ನೀಲಿ ಫ್ರಾಕನ್ನೇ ಮಗ್ಗುಲು ಸಡಿಲಿಸಿ, ಮುಂದುಗಡೆ ಸೀಳಿ ಗುಂಡಿ ಹಾಕಿಸೋಣವೆಂದು ಮಡಿಲಲ್ಲಿ ಹಾಕಿಕೊಂಡು ಮಗ್ಗುಲಿನ ಹೊಲಿಗೆ ಬಿಚ್ಚತೊಡಗಿದಳು.

ಹೊಲಿಯುವವಳ ಮಗಳು. ಬಟ್ಟೆ ಓದಲು ಯಾರೂ ಕಲಿಸಬೇಕಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಕೈ ನಿಂತಿತು. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಹಳೆಯ ಹೊಲಿಗೆಯ ಸೂಜಿತೂತುಗಳು ಮೂರು ಸಾಲು, ಒಂದರ ಪಕ್ಕ ಒಂದು. ಆಮೇಲೆ ಸೇರಿಸಿದ ಪಟ್ಟಿ. ಬಲಗಡೆ ತಿರುಗಿಸಿ ನೋಡಿದಳು. ಅಲ್ಲಿ ಒಂದೇ ಸಾಲು.

"ಅಮ್ಮಾ."

ಟೇಪಮ್ಮ ತಲೆ ಎತ್ತಿದಳು, ನೋಡಿದಳು. ಅಕ್ಕಿಯ ಮೊರ ಕೆಳಗಿಟ್ಟಳು.

"ಇದು ಯಾವಾಗ ಬಿಚ್ಚಿದ್ದು?"

"ಮೊದಲನೇದು ಶಾಲೆ ಶುರುವಾಗಿ ಎರಡು ತಿಂಗಳಿಗೆ."

"ಎರಡನೇದು?"

"ಅದಾಗಿ ಒಂದೂವರೆ ತಿಂಗಳಿಗೆ. ಪಟ್ಟಿ ಇಟ್ಟಿದ್ದು ನೀನು ಹಳದಿ ಫ್ರಾಕು ತರೋಕೆ ಮೂರು ವಾರ ಮುಂಚೆ."

ಟೇಪಮ್ಮನಿಗೆ ಒಂದು ದಿನವೂ ಹೆಚ್ಚುಕಮ್ಮಿಯಾಗಲಿಲ್ಲ. ಅದೇ ಮಗಳಿಗೆ ತಡೆಯಲಾಗಲಿಲ್ಲ.

"ಇಷ್ಟು ಗೊತ್ತಿತ್ತು ನಿನಗೆ. ಡಾಕ್ಟ್ರು ಕೇಳಿದಾಗ ಟೇಪು ಸುತ್ತುತಾ ಕೂತಿದ್ದೆ."

"ಕಣ್ಣು ಹೋಯ್ತು ಅಂದ್ಕೊಂಡೆ ಕಣೇ. ನನ್ನ ಕೈಯೇ ತಪ್ಪು ಮಾಡ್ತಿದೆ ಅಂದ್ಕೊಂಡೆ. ಹೇಳಿದ್ರೆ ಯಂತ್ರ ನಿಲ್ಲಿಸಿ ಅಂತೀರ…"

"ನಿಲ್ಲಿಸ್ತಿದ್ವಿ. ನಿಂತಿದ್ರೆ ಏನಾಗ್ತಿತ್ತು?" ಮಗಳ ದನಿ ಏರಲಿಲ್ಲ, ಇಳಿಯಿತು. "ಅಂಚೆಯವನ ಗೂನು ಮುಚ್ಚಿದ ಹಾಗೆ ನನ್ನ ಮಗೂದೂ ಮುಚ್ಚಿಬಿಟ್ಟೆಯಲ್ಲಮ್ಮ."

ಟೇಪಮ್ಮ ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. ಮಗಳು ಗೋಡೆಗೆ ಹೇಳುವ ಹಾಗೆ ಹೇಳಿದಳು: "ನಾನೂ ಐದು ತಿಂಗಳಲ್ಲಿ ಒಂದು ದಿನ ಅವಳಿಗೆ ಸ್ನಾನ ಮಾಡಿಸಿಲ್ಲ." ಫ್ರಾಕು ಮಡಿಚಿ, ಕತ್ತರಿ ಪಕ್ಕಕ್ಕಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಅಂದಿನಿಂದ ಮಗಳು ತಾಯಿಯ ಜೊತೆ ನೇರವಾಗಿ ಮಾತಾಡಲಿಲ್ಲ. ಇಬ್ಬರೂ ಒಂದೇ ಮಂಚದ ಆ ಬದಿ ಈ ಬದಿ ಕೂತಿದ್ದರೂ, "ಗುಂಡಿ, ಅಜ್ಜಿಗೆ ಹಾಲು ಬಿಸಿ ಮಾಡಿ ತರೋಕೆ ಹೇಳು" ಎನ್ನುವಳು. ಕೂದಲೆಲ್ಲ ಉದುರಿ ಮೊಟ್ಟೆಯಂಥ ತಲೆಯಾಗಿದ್ದ ಗುಂಡಿಗೆ ಈ ಮಧ್ಯಸ್ಥಿಕೆ ಬಲು ಇಷ್ಟವಾಯಿತು.

"ಅಜ್ಜಿ, ಅಮ್ಮ ಹೇಳಿದ್ದು ಹಾಲು. ನಾನು ಹೇಳೋದು ಐಸ್‌ಕ್ರೀಮು. ನೀನು ಯಾರ ಮಾತು ಕೇಳ್ತೀಯ?"

"ಡಾಕ್ಟರಮ್ಮನ ಮಾತು."

"ಥೂ, ಈ ಮನೇಲಿ ಯಾರಿಗೂ ಬುದ್ಧಿ ಇಲ್ಲ."

ಅಳಿಯನಿಗೆ ವಿಷಯ ಗೊತ್ತಾಗಿತ್ತು. ಒಂದು ದಿನ ಅವನು ಅದೇ ಆಸ್ಪತ್ರೆಯ ಕೆಳಗಿನ ಮಹಡಿಯ ಕಣ್ಣಿನ ವಿಭಾಗಕ್ಕೆ ಅತ್ತೆಯನ್ನು ಕರೆದುಕೊಂಡು ಹೋದ. ಅಕ್ಷರ ಬಾರದವರಿಗೆಂದು ಇಟ್ಟಿದ್ದ ಚಿತ್ರದ ಹಲಗೆಯನ್ನು ಅವಳು ಕೊನೆಯ ಸಾಲಿನವರೆಗೂ ಓದಿದಳು. "ಈ ವಯಸ್ಸಿಗೆ ಬಹಳ ಚೆನ್ನಾಗಿದೆ. ಸೂಜಿ ಪೋಣಿಸೋಕೆ ಒಂದು ಕನ್ನಡಕ ಇದ್ರೆ ಸಾಕು" ಎಂದರು ಅಲ್ಲಿನವರು. ಅಳಿಯ ಮೆಟ್ಟಿಲಲ್ಲಿ ನಿಂತು ತಲೆ ತಗ್ಗಿಸಿದ.

"ನಾನು ಆ ಜೇಬಿನ ತಮಾಷೆ ಮಾಡಬಾರದಿತ್ತು ಅತ್ತೆ."

"ಆ ದಿನ ಗುಂಡಿ ಮೇಜಿನ ಕೆಳಗೆ ಕೂತು ನನ್ನ ಕಾಲು ಎಳೀತಿದ್ಲು. ಗಮನ ಅಲ್ಲಿತ್ತು. ಅಷ್ಟೇ ಆಗಿದ್ದು" ಎಂದಳು ಟೇಪಮ್ಮ. ಅಂದರೆ ಕಣ್ಣು ಸರಿಯಾಗಿಯೇ ಇತ್ತು. ಪಟ್ಟಿಯೂ ಸರಿಯಾಗಿಯೇ ಇತ್ತು. ಅರ್ಧ ಬೆರಳು ಎಂದರೆ ಅರ್ಧ ಬೆರಳೇ. ಮೂವತ್ತೆಂಟು ವರ್ಷದಲ್ಲಿ ತನ್ನ ಕೈಯನ್ನು ತಾನು ನಂಬದೆ ಹೋದದ್ದು ಒಂದೇ ಸಲ, ಅದು ಆ ಮಗುವಿನ ಮೈಮೇಲೆ.

ಮರುದಿನ ಅವಳು ಬಿಸ್ಕತ್ತಿನ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಡಾಕ್ಟರಮ್ಮನ ಬಾಗಿಲಲ್ಲಿ ನಿಂತಳು. ಕರೆದ ಮೇಲೆ ಒಳಗೆ ಹೋಗಿ ನಾಲ್ಕು ಪಟ್ಟಿಗಳನ್ನು ಮೇಜಿನ ಮೇಲೆ ಸಾಲಾಗಿ ಹಾಸಿದಳು. ಮೇಲಂಚು ಎಡಕ್ಕೆ, ಕೆಳಂಚು ಬಲಕ್ಕೆ ಎಂದು ತೋರಿಸಿದಳು. ಯಾವುದು ಯಾವ ವಾರದ್ದು ಎಂದು ಹೇಳಿದಳು. ಡಾಕ್ಟರಮ್ಮ ಪ್ಲಾಸ್ಟಿಕ್ಕಿನ ಅಳತೆಪಟ್ಟಿ ಇಟ್ಟು ಒಂದೊಂದನ್ನೂ ಅಳೆದು ಮಗುವಿನ ಕಡತದಲ್ಲಿ ಬರೆದುಕೊಂಡರು.

"ಇಷ್ಟು ಕರಾರುವಾಕ್ಕಾದ ಲೆಕ್ಕ ನನಗೆ ಯಾವ ಮನೆಯವರೂ ತಂದುಕೊಟ್ಟಿಲ್ಲಮ್ಮ" ಎಂದರು.

ಹೊಗಳಿಕೆ ಅವಳಿಗೆ ಬೈಗುಳದ ಹಾಗೆ ತಾಗಿತು. ನೀಲಿ ತುಂಡು ಚುಚ್ಚಿದ ಎರಡನೇ ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದಳು: "ಇದು ಇಷ್ಟಿದ್ದಾಗ ಕರ್ಕೊಂಡು ಬಂದಿದ್ರೆ, ಆ ಎದೆಯೊಳಗಿನ ಚುಕ್ಕೆ ಇರ್ತಿರಲಿಲ್ವಾ?"

ಡಾಕ್ಟರಮ್ಮ ಅಳತೆಪಟ್ಟಿ ಕೆಳಗಿಟ್ಟರು. "ಗೊತ್ತಿಲ್ಲ. ಇರದೇ ಇದ್ದಿರಬಹುದು. ಆಗಲೇ ಇದ್ದಿರಲೂಬಹುದು. ನಿಮ್ಮ ಸಮಾಧಾನಕ್ಕೆ ಅಂತ ನಾನು ಸುಳ್ಳು ಹೇಳಲ್ಲ."

"ಬೇಡ. ಹೇಳಬೇಡಿ" ಎಂದಳು ಟೇಪಮ್ಮ. ಪಟ್ಟಿಗಳನ್ನು ಸುರುಳಿ ಸುತ್ತಿ ಡಬ್ಬಿಗೆ ಹಾಕಿದಳು.

ಆಪರೇಷನ್ ಆರೂವರೆ ಗಂಟೆ ನಡೆಯಿತು. ಗಡ್ಡೆಯ ಜೊತೆ ಎಡ ಮೂತ್ರಪಿಂಡವನ್ನೂ ತೆಗೆದರು. ಎಚ್ಚರವಾದ ಮೇಲೆ ಗುಂಡಿ ಕೇಳಿದ ಮೊದಲ ಮಾತು, "ಸಿಕ್ತಾ?" ಎಂದು. ಡಾಕ್ಟರಮ್ಮನಿಗೆ ಅಷ್ಟರಲ್ಲಿ ಕಥೆ ಗೊತ್ತಾಗಿತ್ತು. "ಎಲ್ಲ ಹುಡುಕಿದೆ, ಗುಂಡಿ ಇರಲಿಲ್ಲ" ಎಂದರು. ಮಗು ಅಜ್ಜಿಯ ಕಡೆ ತಿರುಗಿ, "ಸುಳ್ಳಿ" ಎಂದಿತು. ಅಳಿಯ ನಕ್ಕ. ಟೇಪಮ್ಮ "ಹೌದು ಕಣಮ್ಮ" ಎಂದಳು, ಅವಳ ಮಟ್ಟಿಗೆ ಅದು ತಮಾಷೆಯಾಗಿರಲಿಲ್ಲ.

ಮತ್ತೆ ಶಾಲೆ ಶುರುವಾಗುವ ಹೊತ್ತಿಗೆ ಮಗುವಿನ ತಲೆಯಲ್ಲಿ ಎಳೆಗೂದಲು ಬಂದಿತ್ತು. ಎದೆಯ ಎರಡು ಚುಕ್ಕೆಗಳಲ್ಲಿ ಒಂದು ಮಾಯವಾಗಿತ್ತು. ಇನ್ನೊಂದು ಅಲ್ಲೇ ಇತ್ತು, ಬೆಳೆದೂ ಇರಲಿಲ್ಲ, ಹೋಗಿಯೂ ಇರಲಿಲ್ಲ. ಮೂರು ತಿಂಗಳಿಗೊಮ್ಮೆ ನೋಡೋಣ ಎಂದಿದ್ದರು ಡಾಕ್ಟರಮ್ಮ. ಟೇಪಮ್ಮ ಹೊಸ ನೀಲಿ ಬಟ್ಟೆಯನ್ನು ತಂದು ಮಡಿಚಿ ಯಂತ್ರದ ಮೇಲಿಟ್ಟಿದ್ದಳು. ಸಂಜೆ ಮಗಳು ಅಂಗಡಿಯ ಕಾಗದದ ಚೀಲದಿಂದ ರೆಡಿಮೇಡ್ ಸಮವಸ್ತ್ರ ತೆಗೆದಳು. ತಾಯಿಯ ಕಡೆ ನೋಡದೆ ಹೇಳಿದಳು:

"ಗುಂಡಿ, ಇನ್ಮೇಲೆ ನಿನಗೆ ಅಂಗಡೀದೇ ಬಟ್ಟೆ ಅಂತ ಅಜ್ಜಿಗೆ ಹೇಳು."

ಮಗು ಈ ಸಲ ಮಾತನ್ನು ದಾಟಿಸಲಿಲ್ಲ. ಯಂತ್ರದ ಮೇಲಿನ ಬಟ್ಟೆಯ ಕಡೆ ನೋಡಿತು. ಟೇಪಮ್ಮ ಎದ್ದು ನೀಲಿ ಬಟ್ಟೆಯನ್ನು ಮಂಚದ ಕೆಳಗಿನ ಪೆಟ್ಟಿಗೆಗೆ ಹಾಕಿ ಬಂದಳು.

ಮುಂದಿನ ತಿಂಗಳ ಮೊದಲ ದಿನ, ಮಗಳು ಮಗುವಿಗೆ ತಾನೇ ಸ್ನಾನ ಮಾಡಿಸಿ, ಟವೆಲು ಸುತ್ತಿ, ಎತ್ತಿಕೊಂಡು ಬಂದು ಯಂತ್ರದ ಮುಂದೆ ನಿಲ್ಲಿಸಿದಳು. ಆರೇಳು ತಿಂಗಳ ಮೇಲೆ ಮೊದಲ ಸಲ ತಾಯಿಯ ಮುಖ ನೋಡಿ ಮಾತಾಡಿದಳು.

"ಅಮ್ಮ, ಅಳತೆ ತಗೋ. ಎರಡೂ ಕಡೆ. ಎಷ್ಟು ಅಂತ ಬಾಯಿಬಿಟ್ಟು ಹೇಳು."

ಟೇಪಮ್ಮ ಪಟ್ಟಿ ತೆಗೆದಳು. ಬೆನ್ನುಮೂಳೆಯ ಮೇಲೆ ತುದಿ ಒತ್ತಿ ಹಿಡಿದು, ಉದ್ದನೆಯ ಗಾಯದ ಗುರುತಿನ ಮೇಲಿಂದ ಮೆಲ್ಲಗೆ ಸುತ್ತಿ ತಂದಳು. ಕಚ್ಚು. ಬಲಗಡೆ. ಕಚ್ಚು. ಬಾಯಲ್ಲಿ ಸೂಜಿ ಇರಲಿಲ್ಲ. ಮಗುವಿಗೆ ತೊಡಿಸುವಾಗ ಕಚ್ಚಿಕೊಳ್ಳುವುದನ್ನು ಬಿಟ್ಟಿದ್ದಳು.

"ಎಡಗಡೆ ಒಂದು ನೂಲಿನಷ್ಟು ಕಮ್ಮಿ" ಎಂದಳು.

ಮಗಳು ಪಟ್ಟಿಯ ಕಡೆ ಬಗ್ಗಿದಳು. "ಕಮ್ಮಿ ಅಂದ್ರೆ?"

"ತೆಗೆದಿದ್ದಾರಲ್ಲ ಅಲ್ಲಿಂದ. ಅಷ್ಟು ಒಳಗೆ ಹೋಗಿದೆ. ಹೆಚ್ಚಿಲ್ಲ ಕಣೇ. ಹೆಚ್ಚಿದ್ರೆ ಹೆಚ್ಚು ಅಂತಲೇ ಹೇಳ್ತೀನಿ."

ಮಗಳು ಪಟ್ಟಿಯ ಇನ್ನೊಂದು ತುದಿ ಹಿಡಿದು ಕಚ್ಚುಗಳನ್ನು ಬೆಳಕಿಗೆ ಹಿಡಿದು ತಾನೇ ನೋಡಿದಳು. ಎದೆಯೊಳಗೆ ಉಳಿದಿದ್ದ ಆ ಇನ್ನೊಂದು ಚುಕ್ಕೆಯನ್ನು ಈ ಪಟ್ಟಿ ಅಳೆಯಲಾರದೆಂದು ಇಬ್ಬರಿಗೂ ಗೊತ್ತಿತ್ತು.

"ಆಯ್ತಾ? ಚಳಿ ಆಗ್ತಿದೆ ನನಗೆ" ಎಂದಿತು ಗುಂಡಿ.

ಮಗಳು ಅದಕ್ಕೆ ರೆಡಿಮೇಡ್ ಫ್ರಾಕು ತೊಡಿಸಿದಳು. ಎಡಗಡೆ ತುಸು ಜೋಲಾಡಿತು. ಟೇಪಮ್ಮನ ಕೈ ತಾನಾಗಿ ಮುಂದೆ ಹೋಯಿತು, ಎರಡು ಬೆರಳಿನಲ್ಲಿ ಆ ಜೋಲನ್ನು ಹಿಡಿಯಿತು. ಎರಡು ಹೊಲಿಗೆ ಸಾಕಿತ್ತು ಅದಕ್ಕೆ. ಮಗಳು ನೋಡುತ್ತಿದ್ದಳು. ಟೇಪಮ್ಮ ಬೆರಳು ಬಿಟ್ಟಳು.

ಆಮೇಲೆ ಅಭ್ಯಾಸದಂತೆ ಪಟ್ಟಿಯ ತುದಿಗೆ ಚುಚ್ಚಲು ಬಟ್ಟೆಯ ತುಂಡಿಗಾಗಿ ಯಂತ್ರದ ಮೇಲೆ ತಡಕಾಡಿದಳು. ಏನೂ ಹೊಲಿದಿರಲಿಲ್ಲ, ತುಂಡೆಲ್ಲಿಂದ ಬರಬೇಕು? ಮಗಳು ಪಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಗುಂಡಿಯ ಶಾಲೆಯ ಚೀಲದಿಂದ ಪೆನ್ನು ತೆಗೆದು, ಅಂಚಿನಲ್ಲಿ ತಾರೀಖು ಬರೆದು ಹಿಂದಕ್ಕೆ ಕೊಟ್ಟಳು. ಟೇಪಮ್ಮನಿಗೆ ಅದನ್ನು ಪೂರ್ತಿ ಓದಲು ಬರುತ್ತಿರಲಿಲ್ಲ. ಸುರುಳಿ ಸುತ್ತಿ ಡಬ್ಬಿಗೆ ಹಾಕಿದಳು, ನೀಲಿ ತುಂಡಿನ ಆ ನಾಲ್ಕು ಪಟ್ಟಿಗಳ ಮೇಲೆ.